ಕೇಳದೆ ಪಡೆದ ಋಣ

ಋಣ ಎಂಬ ಮಾತು ನಮ್ಮ ಬದುಕಿನಲ್ಲಿ ಹಾಸುಹೊಕ್ಕಾಗಿದೆ. ದೇವಋಣ, ಋಷಿಋಣ, ಪಿತೃಋಣ ಎಂಬ ಮೂರು ಋಣಗಳನ್ನು ಹೊತ್ತೇ ಮನುಷ್ಯ ಹುಟ್ಟುತ್ತಾನೆಂದು ಹಿರಿಯರು ಹೇಳಿದರು. ಅನ್ನದ ಋಣ, ನೀರಿನ ಋಣ, ಊರಿನ ಋಣ ಎಂದು ಜನ ಅದಕ್ಕೆ ಇನ್ನಷ್ಟನ್ನು ಸೇರಿಸಿದರು. ಉಂಡ ಮನೆಗೆ ಎರಡು ಬಗೆಯಬಾರದೆಂಬ ನೀತಿಯನ್ನು ನಾವು ಯಾವ ಶಾಲೆಯಲ್ಲಿಯೂ ಕಲಿತವರಲ್ಲ. ಅದು ಮನೆಯ ಜಗಲಿಯಲ್ಲಿ ತಾನಾಗಿ ಬಂದದ್ದು. ಈ ಎಲ್ಲ ಋಣಗಳಿಗೂ ಸಮಾನವಾದ ಒಂದು ಅಂಶವುಂಟು. ಕೊಟ್ಟವರು ಯಾರೆಂದು ನಮಗೆ ಗೊತ್ತಿರುತ್ತದೆ. ಅವರು ತಿಳಿದು, ಮನಸ್ಸಾರೆ ಕೊಟ್ಟರೆಂಬುದೂ ಗೊತ್ತಿರುತ್ತದೆ. ಆದರೆ ಕೊಟ್ಟವರಿಗೆ ತಾವು ಕೊಟ್ಟೆವೆಂಬುದೇ ತಿಳಿಯದಿದ್ದರೆ? ಪಡೆದವರಿಗೆ ಯಾರಿಂದ ಪಡೆದೆವೆಂಬುದು ತಿಳಿಯದಿದ್ದರೆ? ಅದನ್ನು ಋಣವೆನ್ನಬೇಕೆ, ಇಲ್ಲ ಬೇರೆ ಹೆಸರಿನಿಂದ ಕರೆಯಬೇಕೆ? ಮತ್ತು ಅಂಥದನ್ನು ತೀರಿಸುವ ಬಗೆ ಯಾವುದು? ವೈದ್ಯವಿಜ್ಞಾನದ ಒಂದು ನಿಜಸಂಗತಿಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಆಲೋಚಿಸುವುದು ಈ ಲೇಖನದ ಉದ್ದೇಶ.

ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಹೆಣ್ಣುಮಗಳು ಹುಟ್ಟಿದ್ದು ೧೯೨೦ರಲ್ಲಿ, ಅಮೇರಿಕದ ವರ್ಜೀನಿಯಾ ಪ್ರಾಂತದಲ್ಲಿ. ಅಲ್ಲಿಯ ಕ್ಲೋವರ್ ಎಂಬ ಹಳ್ಳಿಯ ಹೊಗೆಸೊಪ್ಪಿನ ಹೊಲಗಳಲ್ಲಿ ದುಡಿದು ಬೆಳೆದವರು. ಹಿಂದೊಮ್ಮೆ ಗುಲಾಮರಾಗಿದ್ದ ಕಪ್ಪು ಜನರ ಸಂತತಿ. ಬೇಸಾಯದಲ್ಲಿ ಬದುಕು ಸಾಗದೆ ೧೯೪೧ರಲ್ಲಿ ಆ ಸಂಸಾರ ಬಾಲ್ಟಿಮೋರ್ ನಗರದ ಬಳಿಗೆ ಬಂದು ನೆಲೆಸಿತು. ಗಂಡನಿಗೆ ಅಲ್ಲಿಯ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಹೊಟ್ಟೆಪಾಡಿಗಾಗಿ ಊರು ಬಿಡುವುದೆಂದರೇನು, ಹಬ್ಬಕ್ಕೋ ಸಾವಿಗೋ ಊರಿಗೆ ಓಡುವುದೆಂದರೇನು ಎಂಬುದನ್ನು ನಮಗೆ ಬೇರೆಯವರು ವಿವರಿಸಬೇಕಾಗಿಲ್ಲ. ೧೯೫೧ರ ಆರಂಭದಲ್ಲಿ, ಐದು ಮಕ್ಕಳ ತಾಯಿಯಾಗಿದ್ದ ಹೆನ್ರಿಯೆಟ್ಟಾ, ರಕ್ತಸ್ರಾವವೆಂದು ಆ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೋದರು. ಬಡ ಕಪ್ಪು ಜನರನ್ನು ಸೇರಿಸಿಕೊಳ್ಳುತ್ತಿದ್ದ ಕೆಲವೇ ಆಸ್ಪತ್ರೆಗಳಲ್ಲಿ ಅದೊಂದು. ಆದರೆ ಅವರ ವಾರ್ಡು ಬೇರೆ. ಪರೀಕ್ಷಿಸಿದ ವೈದ್ಯರಿಗೆ ಗರ್ಭಕಂಠದಲ್ಲಿ ಗಡ್ಡೆ ಕಂಡಿತು. ಅದು ಕ್ಯಾನ್ಸರ್ ಆಗಿತ್ತು.

ರೇಡಿಯಂ ಚಿಕಿತ್ಸೆ ಕೊಡುವ ಸಮಯದಲ್ಲಿ ಗಡ್ಡೆಯಿಂದ ಒಂದು ಸಣ್ಣ ಚೂರನ್ನು ಕತ್ತರಿಸಿ ತೆಗೆದು, ಅದೇ ಸಂಸ್ಥೆಯ ಜಾರ್ಜ್ ಗೈ ಎಂಬ ಸಂಶೋಧಕರಿಗೆ ಕಳುಹಿಸಲಾಯಿತು. ದೇಹದ ಹೊರಗೆ, ಗಾಜಿನ ನಳಿಗೆಯಲ್ಲಿ, ಮನುಷ್ಯನ ಜೀವಕೋಶಗಳನ್ನು ಬೆಳೆಸಬೇಕೆಂದು ಗೈ ಅವರೂ ಅವರ ಹೆಂಡತಿ ಮಾರ್ಗರೆಟ್ ಅವರೂ ವರ್ಷಗಟ್ಟಲೆ ಪ್ರಯತ್ನಿಸುತ್ತಿದ್ದರು. ಎಷ್ಟು ಆರೈಕೆ ಮಾಡಿದರೂ ಕೋಶಗಳು ಕೆಲವು ದಿನ ಅಥವಾ ವಾರ ಇದ್ದು ಸಾಯುತ್ತಿದ್ದವು. ಹೆನ್ರಿಯೆಟ್ಟಾ ಅವರ ಗಡ್ಡೆಯ ಕೋಶಗಳು ಸಾಯಲಿಲ್ಲ. ಸುಮಾರು ಒಂದು ದಿನಕ್ಕೆ ಒಂದಕ್ಕೆರಡಾಗುತ್ತ ಬೆಳೆದವು. ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಅವಕ್ಕೆ 'ಹೀಲಾ' ಎಂದು ಹೆಸರಿಟ್ಟರು. ಅದೇ ವರ್ಷ ಅಕ್ಟೋಬರ್ ೪ರಂದು, ೩೧ನೆಯ ವಯಸ್ಸಿನಲ್ಲಿ, ಹೆನ್ರಿಯೆಟ್ಟಾ ತೀರಿಕೊಂಡರು. ಶವವನ್ನು ಊರಿಗೆ, ಕ್ಲೋವರಿಗೆ ಒಯ್ದು ಮಣ್ಣು ಮಾಡಿದರು. ಸಮಾಧಿಗೆ ಒಂದು ಕಲ್ಲೂ ಇರಲಿಲ್ಲ. ಅದನ್ನು ನೆಟ್ಟದ್ದು ೨೦೧೦ರಲ್ಲಿ.

ತನ್ನ ದೇಹದ ಒಂದು ತುಣುಕು ಪ್ರಯೋಗಶಾಲೆಗೆ ಹೋಗಿದೆಯೆಂದು ಆಕೆಯನ್ನು ಯಾರೂ ಕೇಳಲಿಲ್ಲ, ಆಕೆಗೆ ಯಾರೂ ಹೇಳಲಿಲ್ಲ.

ಹೀಲಾ ಕೋಶಗಳು ಮುಂದೆ ಮಾಡಿದ ಉಪಕಾರ ಅಷ್ಟಿಷ್ಟಲ್ಲ. ಆ ಕಾಲದಲ್ಲಿ ಪೋಲಿಯೋ ಎಂದರೆ ಮನೆಮನೆಯಲ್ಲೂ ಭಯ. ಪೋಲಿಯೋ ವೈರಸ್ ಹೀಲಾ ಕೋಶಗಳನ್ನು ಕೆಲವೇ ದಿನಗಳಲ್ಲಿ ಕೊಂದುಹಾಕುತ್ತದೆ. ಲಸಿಕೆ ಹಾಕಿಸಿಕೊಂಡ ಮಗುವಿನ ರಕ್ತದ್ರವವನ್ನು ಬೆರೆಸಿದಾಗ ಕೋಶಗಳು ಬದುಕಿಕೊಂಡರೆ ಆ ಮಗುವಿನಲ್ಲಿ ರೋಗನಿರೋಧಕ ಶಕ್ತಿ ಬಂದಿದೆಯೆಂದು ಅರ್ಥ. ಸಾಲ್ಕ್ ಅವರ ಲಸಿಕೆಯ ದೊಡ್ಡ ಪರೀಕ್ಷೆ ೧೯೫೪ರಲ್ಲಿ ನಡೆದಾಗ ಇಂಥ ಕೆಲಸಕ್ಕಾಗಿ ಹೀಲಾ ಕೋಶಗಳನ್ನು ಟಸ್ಕೀಗಿ ಎಂಬಲ್ಲಿಯ ಕೇಂದ್ರದಲ್ಲಿ ರಾಶಿರಾಶಿಯಾಗಿ ಬೆಳೆಸಿ ದೇಶದ ಪ್ರಯೋಗಶಾಲೆಗಳಿಗೆ ಕಳುಹಿಸಿದರು. ಆಮೇಲೆ ಲೋಕದ ಉದ್ದಗಲಕ್ಕೂ ಅವು ಹರಡಿದವು. ಔಷಧಗಳ ಪರೀಕ್ಷೆ, ವಿಕಿರಣದ ಪರಿಣಾಮ, ವಂಶವಾಹಿಗಳ ಅಧ್ಯಯನ, ಹೀಗೆ ಅವು ಪಾಲುಗೊಳ್ಳದ ಶಾಖೆಯೇ ಇಲ್ಲವೆನ್ನಬಹುದು. ನಮ್ಮ ಮಕ್ಕಳ ಬಾಯಿಗೆ ಬಿದ್ದ ಪೋಲಿಯೋ ಹನಿಗಳ ಹಿಂದಿನ ವಿಜ್ಞಾನದಲ್ಲಿಯೂ ಆ ಕೋಶಗಳ ಪಾತ್ರವಿದೆ. ಆ ಮಟ್ಟಿಗೆ ಇದು ದೂರದೇಶದ ಕಥೆಯಲ್ಲ. ಫಲವುಂಡವರಲ್ಲಿ ನಾವೂ ಇದ್ದೇವೆ.

ಈ ಕೋಶಗಳೇಕೆ ಸಾಯಲಿಲ್ಲ? ಉತ್ತರ ದೊರೆಯಲು ಮೂವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ವೈರಸ್ಸುಗಳಲ್ಲಿ ಎರಡು ಬಗೆಯ ನಡತೆಯುಂಟು. ಕೆಲವು ಕೋಶದೊಳಗೆ ನುಗ್ಗಿ, ಸಾವಿರಾರಾಗಿ ಹೆಚ್ಚಿ, ಕೋಶವನ್ನು ಒಡೆದು ಹೊರಬೀಳುತ್ತವೆ. ಪೋಲಿಯೋ ಈ ಜಾತಿಯದು. ಇನ್ನು ಕೆಲವು ಒಳಗೆ ಸೇರಿ ತಳವೂರುತ್ತವೆ; ಕೊಲ್ಲುವುದಿಲ್ಲ, ಹೊರಡುವುದೂ ಇಲ್ಲ. ಗರ್ಭಕಂಠದ ಕ್ಯಾನ್ಸರಿಗೆ ಪ್ಯಾಪಿಲೋಮಾ ಎಂಬ ವೈರಸ್ ಕಾರಣವಿರಬೇಕೆಂದು ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ ೧೯೭೦ರ ದಶಕದಲ್ಲಿ ಹೇಳಿದಾಗ ಹಲವರು ಒಪ್ಪಲಿಲ್ಲ. ಅವರ ತಂಡ ೧೯೮೩ರಲ್ಲಿ ಈ ವೈರಸ್ಸಿನ ೧೬ನೆಯ ಬಗೆಯನ್ನೂ ೧೯೮೪ರಲ್ಲಿ ೧೮ನೆಯ ಬಗೆಯನ್ನೂ ಕ್ಯಾನ್ಸರ್ ಗಡ್ಡೆಗಳಲ್ಲಿ ಕಂಡುಹಿಡಿಯಿತು. ಪ್ರಯೋಗಶಾಲೆಯಲ್ಲಿ ಬೆಳೆಸಿದ ಗಡ್ಡೆಕೋಶಗಳಲ್ಲಿಯೂ ಹುಡುಕಿದಾಗ, ಹೀಲಾ ಕೋಶಗಳಲ್ಲಿ ೧೮ನೆಯ ಬಗೆ ಸಿಕ್ಕಿತು. ೧೯೫೧ರಲ್ಲಿ ಒಬ್ಬ ತಾಯಿಯನ್ನು ಕೊಂದ ರೋಗದ ಮೂಲ, ಆಕೆ ಸತ್ತು ಮೂವತ್ತಮೂರು ವರ್ಷಗಳ ಬಳಿಕವೂ, ಸಾವಿರಾರು ಪ್ರಯೋಗಶಾಲೆಗಳ ಗಾಜಿನ ಪಾತ್ರೆಗಳಲ್ಲಿ ಹಾಗೆಯೇ ಕುಳಿತಿತ್ತು. ಈ ಶೋಧಕ್ಕಾಗಿ ತ್ಸುರ್ ಹೌಸೆನ್ ಅವರಿಗೆ ೨೦೦೮ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಇಲ್ಲಿ ಒಂದು ಸೂಕ್ಷ್ಮವಿದೆ. ಹೀಲಾ ಕೋಶದಲ್ಲಿರುವುದು ಇಡಿಯ ವೈರಸ್ ಅಲ್ಲ. ಅದರ ಕೆಲವು ತುಂಡುಗಳು ಕೋಶದ ಎಂಟನೆಯ ವರ್ಣತಂತುವಿನಲ್ಲಿ ಬೆಸೆದುಕೊಂಡು ಬಿಟ್ಟಿವೆ. ಅಲ್ಲಿಂದ ಹೊಸ ವೈರಸ್ ಹುಟ್ಟಲಾರದು, ಬೇರೆ ಕಡೆ ಹರಡಲಾರದು. ಆದರೆ ಆ ತುಂಡುಗಳಲ್ಲಿರುವ ಎರಡು ವಂಶವಾಹಿಗಳು ಬಿಡುವಿಲ್ಲದೆ ಕೆಲಸ ಮಾಡುತ್ತವೆ. ಪ್ರತಿಯೊಂದು ಕೋಶದಲ್ಲಿಯೂ ಅತಿಯಾದ ಬೆಳವಣಿಗೆಯನ್ನು ತಡೆಯುವ ಕಾವಲಿನ ಪ್ರೋಟೀನುಗಳಿವೆ. ಅವುಗಳಲ್ಲಿ ಮುಖ್ಯವಾದ ಎರಡನ್ನು ಇವು ನಿಷ್ಕ್ರಿಯಗೊಳಿಸುತ್ತವೆ. ಕಾವಲು ಹೋದ ಮೇಲೆ ಕೋಶ ಬೆಳೆಯುತ್ತಲೇ ಇರುತ್ತದೆ. ಪ್ರಯೋಗದಲ್ಲಿ ಈ ಎರಡು ವಂಶವಾಹಿಗಳ ಬಾಯಿ ಕಟ್ಟಿದಾಗ, ದಶಕಗಳಿಂದ ದಣಿವರಿಯದೆ ಬೆಳೆದಿದ್ದ ಹೀಲಾ ಕೋಶಗಳು ಮುಪ್ಪಡರಿ ಬೆಳವಣಿಗೆ ನಿಲ್ಲಿಸಿದವು.

ಹಾಗಾದರೆ ಗಾಜಿನ ಪಾತ್ರೆಯಲ್ಲಿ ಬದುಕಿರುವುದು ಯಾರು? ಪತ್ರಿಕೆಗಳಲ್ಲಿಯೂ ಭಾಷಣಗಳಲ್ಲಿಯೂ ಹೆನ್ರಿಯೆಟ್ಟಾ ಲ್ಯಾಕ್ಸ್ ಅಮರರಾದರೆಂದು ಹೇಳುವುದುಂಟು. ಕೇಳಲು ಹಿತವಾದ ಮಾತು. ಆಕೆಯ ಮನೆಯವರಲ್ಲಿ ಕೆಲವರಿಗೆ ಅದು ನಂಬಿಕೆಯ ಮಾತೂ ಹೌದು. ಅದನ್ನು ಪ್ರಶ್ನಿಸುವ ಅಧಿಕಾರ ನಮಗಿಲ್ಲ. ಆದರೆ ಮಿಕ್ಕವರು ಆ ಮಾತನ್ನು ಆಡುವಾಗ ಸ್ವಲ್ಪ ತಡೆದು ನೋಡುವುದು ಒಳ್ಳೆಯದು. ಗಾಜಿನೊಳಗೆ ಬೆಳೆಯುತ್ತಿರುವುದು ಆಕೆಯ ಮಾತಲ್ಲ, ನಡೆಯಲ್ಲ, ಮಕ್ಕಳ ಮೇಲಿನ ಮಮತೆಯಲ್ಲ. ಆಕೆಯನ್ನು ಕೊಂದ ಗಡ್ಡೆ. ಅದು ಬೆಳೆಯುವುದು ವೈರಸ್ಸಿನ ಬಲದಿಂದ. ಮನುಷ್ಯಳು ಮೂವತ್ತೊಂದಕ್ಕೆ ಹೋದಳು, ರೋಗ ಉಳಿಯಿತು ಎನ್ನುವುದೇ ಸತ್ಯಕ್ಕೆ ಹತ್ತಿರ. ಅಮರತ್ವವೆಂಬ ದೊಡ್ಡ ಮಾತಿನಲ್ಲಿ ನಮಗೊಂದು ಅನುಕೂಲವಿದೆ. ಆಕೆ ಅಮರಳಾದಳೆಂದರೆ ಆಕೆಗೆ ಏನೋ ಸಂದಿತು ಎಂದಾಯಿತು, ಲೆಕ್ಕ ಚುಕ್ತಾ ಆಯಿತು. ಸಂದದ್ದು ಏನೂ ಇಲ್ಲ. ಜೀವಕೋಶಕ್ಕೆ ಮಾನ ಅಪಮಾನಗಳಿಲ್ಲ. ನಮ್ಮ ಸಂಬಂಧವಿರುವುದು ಆ ಹೆಣ್ಣುಮಗಳೊಡನೆ, ಆಕೆಯ ಹೆಸರಿನೊಡನೆ, ಆಕೆ ಬಿಟ್ಟುಹೋದ ಮಕ್ಕಳೊಡನೆ.

ಆ ಹೆಸರಿಗೂ ಬಹುಕಾಲ ನ್ಯಾಯ ದೊರೆಯಲಿಲ್ಲ. ಹೀಲಾ ಎಂದರೆ ಹೆಲನ್ ಲೇನ್ ಎಂಬಾಕೆಯ ಕೋಶಗಳೆಂದು ವರ್ಷಗಟ್ಟಲೆ ಅಚ್ಚಾಗುತ್ತಿತ್ತು. ನಿಜವಾದ ಹೆಸರು ವೈದ್ಯಪತ್ರಿಕೆಯೊಂದರಲ್ಲಿ ಬಂದದ್ದು ೧೯೭೧ರಲ್ಲಿ. ಹೀಲಾ ಕೋಶಗಳು ಎಷ್ಟು ಹುರುಪಿನವೆಂದರೆ ಬೇರೆ ಕೋಶಗಳ ಪಾತ್ರೆಗೆ ಅಕಸ್ಮಾತ್ತಾಗಿ ಒಂದು ಬಿದ್ದರೂ ಅವನ್ನೆಲ್ಲ ಹಿಂದಿಕ್ಕಿ ತಾವೇ ತುಂಬಿಕೊಳ್ಳುತ್ತಿದ್ದವು. ಯಾವುದು ಹೀಲಾ, ಯಾವುದಲ್ಲ ಎಂದು ವಿಂಗಡಿಸಲು ಆಕೆಯ ಕುಟುಂಬದವರ ರಕ್ತ ಬೇಕಾಯಿತು. ಹಾಗೆ ೧೯೭೩ರಲ್ಲಿ ಸಂಶೋಧಕರು ಅವರನ್ನು ಹುಡುಕಿಕೊಂಡು ಹೋದಾಗಲೇ ತಾಯಿಯ ಕೋಶಗಳು ಬದುಕಿವೆಯೆಂಬ ಸುದ್ದಿ ಮಕ್ಕಳಿಗೆ ತಿಳಿದದ್ದು. ಆ ಹೊತ್ತಿಗೆ ಅವನ್ನು ಬೆಳೆಸಿ ಮಾರುವ ಉದ್ಯಮವೇ ಹುಟ್ಟಿಕೊಂಡಿತ್ತು. ಮಕ್ಕಳಲ್ಲಿ ಕೆಲವರಿಗೆ ವೈದ್ಯರ ಬಳಿಗೆ ಹೋಗಲು ಬೇಕಾದ ವಿಮೆಯೂ ಇರಲಿಲ್ಲ.

ಇಷ್ಟು ಹೇಳಿ ಜಾರ್ಜ್ ಗೈ ಅವರನ್ನು ಖಳನಾಯಕನನ್ನಾಗಿ ನಿಲ್ಲಿಸಿದರೆ ಅದು ಅನ್ಯಾಯವಾದೀತು. ರೋಗಿಯ ಅನುಮತಿ ಕೇಳುವ ಪದ್ಧತಿ ಆ ಕಾಲದಲ್ಲಿ ರೂಢಿಯಲ್ಲಿರಲಿಲ್ಲ. ಕಪ್ಪು ಜನರೆಂದಲ್ಲ, ಬಿಳಿಯರನ್ನೂ ಕೇಳುತ್ತಿರಲಿಲ್ಲ. ಗೈ ಅವರು ಕೋಶಗಳಿಂದ ಹಣ ಮಾಡಿಕೊಳ್ಳಲಿಲ್ಲ. ಕೇಳಿದ ಸಂಶೋಧಕರಿಗೆಲ್ಲ ಪುಕ್ಕಟೆಯಾಗಿ ಹಂಚಿದರು. ಅವರ ಗುರಿ ಕ್ಯಾನ್ಸರನ್ನು ಗೆಲ್ಲುವುದಾಗಿತ್ತು. ಆದ್ದರಿಂದಲೇ ಈ ಪ್ರಶ್ನೆ ಕಠಿಣವಾದುದು. ಕೆಟ್ಟವನು ಕೆಟ್ಟದ್ದನ್ನು ಮಾಡಿದಾಗ ತೀರ್ಮಾನ ಹೇಳುವುದು ಸುಲಭ. ಒಳ್ಳೆಯವರು, ಒಳ್ಳೆಯ ಉದ್ದೇಶದಿಂದ, ಎಲ್ಲರೂ ಮಾಡುತ್ತಿದ್ದುದನ್ನೇ ಮಾಡಿ, ಲೋಕಕ್ಕೆ ಒಳ್ಳೆಯದೇ ಆದಾಗ, ತಪ್ಪು ಎಲ್ಲಿದೆ?

ಮೂರು ಸಮಾಧಾನಗಳನ್ನು ಸಾಮಾನ್ಯವಾಗಿ ಹೇಳುತ್ತಾರೆ. ಹೇಗಿದ್ದರೂ ಆ ಗಡ್ಡೆಯ ಚೂರು ಕಸಕ್ಕೆ ಹೋಗುವಂಥದು ಎಂಬುದು ಮೊದಲನೆಯದು. ಕಸವಾದರೆ ಅದಕ್ಕೆ ಅಷ್ಟು ಬೆಲೆ ಎಲ್ಲಿಂದ ಬಂತು? ಬೆಲೆ ಸಂಶೋಧಕನ ಶ್ರಮದಿಂದ ಬಂತೆಂದರೆ ಅರ್ಧ ನಿಜ. ಅಷ್ಟೇ ಶ್ರಮ ಪಟ್ಟ ಬೇರೆ ನೂರಾರು ಚೂರುಗಳು ಬೆಳೆಯಲಿಲ್ಲವಲ್ಲ. ಎರಡನೆಯದು, ಕೇಳಿದ್ದರೆ ಆಕೆ ಒಪ್ಪುತ್ತಿದ್ದರೇನೋ ಎಂಬುದು. ಒಪ್ಪುತ್ತಿದ್ದಿರಬಹುದು. ಆದರೆ ಒಪ್ಪಿಯಾರು ಎಂದು ನಾವು ಊಹಿಸುವುದೂ ಅವರು ಒಪ್ಪಿದ್ದೂ ಒಂದೇ ಅಲ್ಲ. ನೆರೆಮನೆಯವರು ಕೊಡುವ ಮನಸ್ಸಿನವರೆಂದು ಅವರಿಲ್ಲದಾಗ ಹಿತ್ತಿಲಿನ ತೆಂಗಿನಕಾಯಿ ಕೀಳುವುದಿಲ್ಲ. ಕೇಳದೆ ಕಿತ್ತಾಗ, ಕಾಯಿಯ ಜತೆಗೆ, ಕೊಡುವ ಅವಕಾಶವನ್ನೂ ಅವರಿಂದ ಕಿತ್ತುಕೊಂಡಂತೆ. ದಾನಿಯಾಗಬಹುದಾಗಿದ್ದ ಹೆನ್ರಿಯೆಟ್ಟಾ ಅವರನ್ನು ಕೇಳದೆ ಇದ್ದದ್ದರಿಂದ ಬರಿಯ ಸಾಮಗ್ರಿಯನ್ನಾಗಿ ಮಾಡಿದಂತಾಯಿತು. ಆದ ನಷ್ಟ ಇದು. ಇದನ್ನು ಯಾವ ಹಣದಿಂದಲೂ ತುಂಬಲಾಗದು.

ಮೂರನೆಯ ಸಮಾಧಾನವೇ ಬಲವಾದುದು. ಕೋಟ್ಯಂತರ ಜನಕ್ಕೆ ಹಿತವಾಯಿತಲ್ಲ, ಒಬ್ಬಳಿಗೆ ನೋವೂ ಆಗಲಿಲ್ಲವಲ್ಲ, ಇದರಲ್ಲಿ ಕೊರಗುವುದೇನು ಎಂಬುದು. ಫಲ ದೊಡ್ಡದೆಂಬುದನ್ನು ನಾವು ಒಪ್ಪಲೇಬೇಕು. ಆದರೆ ಫಲ ದೊಡ್ಡದಾದಷ್ಟೂ ಪಡೆದವರ ಹೊಣೆ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಸಾಲದ ಹಣದಿಂದ ವ್ಯಾಪಾರ ಚೆನ್ನಾಗಿ ನಡೆದರೆ ಸಾಲವೇ ಇರಲಿಲ್ಲವೆಂದು ಯಾವ ಮರ್ಯಾದಸ್ಥ ವರ್ತಕನೂ ಹೇಳುವುದಿಲ್ಲ. ಇನ್ನೊಂದು ಮಾತು. ಒಳ್ಳೆಯ ಫಲಕ್ಕಾಗಿ ಕೇಳದೆ ತೆಗೆದುಕೊಳ್ಳಬಹುದು ಎಂಬ ನಿಯಮವನ್ನು ಒಪ್ಪಿದರೆ ಅದು ಬಂದು ಬೀಳುವುದು ಯಾರ ಮೇಲೆ? ಕೇಳುವ ಧೈರ್ಯವಿಲ್ಲದವರ ಮೇಲೆ. ಧರ್ಮದ ವಾರ್ಡಿನಲ್ಲಿ ಮಲಗಿದವರ ಮೇಲೆ.

ಪ್ರಯೋಗಶಾಲೆಯಲ್ಲಿ ಬೆಳೆದ ಗಡ್ಡೆಕೋಶ, ಅದರಲ್ಲಿ ತಳವೂರಿದ ವೈರಸ್, ಅದರ ಹಿಂದೆ ಮರೆತುಹೋದ ಮನುಷ್ಯ: ಈ ಸಂಗತಿ ಒಮ್ಮೆ ಮಾತ್ರ ನಡೆದದ್ದಲ್ಲ. ಆಫ್ರಿಕದ ಉಗಾಂಡಾದಲ್ಲಿ ಮಕ್ಕಳ ದವಡೆಯಲ್ಲಿ ಏಳುತ್ತಿದ್ದ ಭಯಂಕರ ಗಡ್ಡೆಯ ಬಗ್ಗೆ ಡೆನಿಸ್ ಬರ್ಕಿಟ್ ಎಂಬ ಶಸ್ತ್ರವೈದ್ಯರು ೧೯೬೧ರಲ್ಲಿ ಲಂಡನ್ನಿನಲ್ಲಿ ಉಪನ್ಯಾಸ ಕೊಟ್ಟರು. ಅದನ್ನು ಕೇಳಿದ ಆಂಟನಿ ಎಪ್‌ಸ್ಟೀನ್ ಅಲ್ಲಿಂದ ವಿಮಾನದಲ್ಲಿ ಗಡ್ಡೆಯ ಚೂರುಗಳನ್ನು ತರಿಸಿಕೊಂಡು, ಬೆಳೆಸಿ, ೧೯೬೪ರಲ್ಲಿ ಆ ಕೋಶಗಳೊಳಗೆ ಒಂದು ಹೊಸ ವೈರಸ್ಸನ್ನು ಕಂಡರು. ಮನುಷ್ಯರಲ್ಲಿ ಕ್ಯಾನ್ಸರಿಗೆ ಸಂಬಂಧಿಸಿದ ಮೊದಲ ವೈರಸ್ ಅದು. ಎಪ್‌ಸ್ಟೀನ್ ಅವರ ಹೆಸರನ್ನೂ ಅವರ ಸಹಾಯಕಿ ಬಾರ್ ಅವರ ಹೆಸರನ್ನೂ ಅದಕ್ಕೆ ಇಟ್ಟರು. ಕೋಶಗಳಿಗೂ ಅದೇ ಎರಡು ಅಕ್ಷರಗಳ ಗುರುತು ಬಂತು. ವಿಜ್ಞಾನಿಗಳಿಗೆ ಗೌರವ ಸಂದದ್ದು ಉಚಿತವೇ. ಆದರೆ ಆ ಗುರುತಿನಲ್ಲಿ ಗಡ್ಡೆ ಹೊತ್ತ ಮಗುವಿನ ಒಂದಕ್ಷರವೂ ಇಲ್ಲ.

ಜಾನ್ ಮೂರ್ ಎಂಬವರ ಪ್ರಕರಣ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ರಕ್ತದ ಒಂದು ಬಗೆಯ ಕ್ಯಾನ್ಸರಿಗಾಗಿ ೧೯೭೬ರಲ್ಲಿ ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಅವರ ಗುಲ್ಮವನ್ನು ತೆಗೆದರು. ಆಮೇಲೂ ವರ್ಷಗಟ್ಟಲೆ ಅವರನ್ನು ದೂರದ ಸಿಯಾಟಲ್ ನಗರದಿಂದ ಕರೆಸಿ ರಕ್ತ, ಮಜ್ಜೆ ಮುಂತಾದವನ್ನು ತೆಗೆದುಕೊಳ್ಳುತ್ತಿದ್ದರು. ಚಿಕಿತ್ಸೆಗಾಗಿ ಎಂದೇ ಅವರ ತಿಳಿವಳಿಕೆ. ಅವರ ಕೋಶಗಳಿಂದ 'ಮೋ' ಎಂಬ ಸಂತತಿಯನ್ನು ಬೆಳೆಸಿದರು. ೧೯೮೨ರಲ್ಲಿ ಅದರಲ್ಲಿಯೂ ಒಂದು ಹೊಸ ವೈರಸ್ ಮನೆ ಮಾಡಿಕೊಂಡಿದ್ದುದು ತಿಳಿಯಿತು. ೧೯೮೪ರಲ್ಲಿ ಕೋಶಗಳ ಮೇಲೆ ಪೇಟೆಂಟೂ ದೊರೆಯಿತು. ತಿಳಿದ ಮೂರ್ ದಾವೆ ಹೂಡಿದರು. ೧೯೯೦ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ವಿಚಾರಾರ್ಹವಾದುದು. ದೇಹದಿಂದ ತೆಗೆದ ಕೋಶಗಳ ಮೇಲೆ ರೋಗಿಗೆ ಆಸ್ತಿಯ ಹಕ್ಕಿಲ್ಲ, ಆದರೆ ವೈದ್ಯನಿಗೆ ಅದರಿಂದ ಸ್ವಂತ ಲಾಭವಿದ್ದರೆ ಅದನ್ನು ಮೊದಲೇ ತಿಳಿಸಿ ಅನುಮತಿ ಪಡೆಯಬೇಕು ಎಂದಿತು. ದೇಹವನ್ನು ಅಂಗಡಿಯ ಸರಕನ್ನಾಗಿ ಮಾಡಲು ಒಪ್ಪದ ಮೊದಲ ಮಾತಿನಲ್ಲಿ ಒಂದು ವಿವೇಕವಿದೆ. ಆದರೆ ರೋಗಿಯ ಪಾಲಿಗೆ ಮಾರುವುದಕ್ಕೆ ಬಾರದ ವಸ್ತು ವೈದ್ಯನ ಕೈಗೆ ಬಂದೊಡನೆ ಮಾರುವ ವಸ್ತು ಹೇಗಾಯಿತು ಎಂಬುದನ್ನು ಆ ತೀರ್ಪು ಮನಸ್ಸಿಗೆ ಒಪ್ಪುವಂತೆ ಹೇಳುವುದಿಲ್ಲ. ಕಾನೂನು ನಿಲ್ಲುವಲ್ಲಿ ಧರ್ಮದ ಪ್ರಶ್ನೆ ಶುರುವಾಗುತ್ತದೆ.

ಇನ್ನು ನಮ್ಮ ದೇಶಕ್ಕೆ ಬರೋಣ. ತಳವೂರಿದ ಈ ವೈರಸ್ಸಿನ ಕಥೆ ಭಾರತದ ಸ್ತ್ರೀಯರ ಮಟ್ಟಿಗೆ ಪುಸ್ತಕದ ವಿಷಯವಲ್ಲ. ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಮಂದಿಗೆ ನಮ್ಮಲ್ಲಿ ಗರ್ಭಕಂಠದ ಕ್ಯಾನ್ಸರ್ ತಗಲುತ್ತದೆ. ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಸಾಯುತ್ತಾರೆ. ತ್ಸುರ್ ಹೌಸೆನ್ ಅವರ ಶೋಧದಿಂದಾಗಿ ವೈರಸ್ಸಿಗೆ ಲಸಿಕೆ ತಯಾರಾಗಿ ೨೦೦೬ರಲ್ಲಿ ಬಳಕೆಗೆ ಬಂತು. ೨೦೦೯ರಲ್ಲಿ ಅದನ್ನು ಆಗ ಆಂಧ್ರದಲ್ಲಿದ್ದ ಖಮ್ಮಂ ಜಿಲ್ಲೆಯಲ್ಲಿಯೂ ಗುಜರಾತಿನ ವಡೋದರದಲ್ಲಿಯೂ ಹತ್ತರಿಂದ ಹದಿನಾಲ್ಕು ವರ್ಷದ ಸಾವಿರಾರು ಹುಡುಗಿಯರಿಗೆ ಹಾಕಿ ನೋಡುವ ಯೋಜನೆಯನ್ನು ಒಂದು ಅಮೇರಿಕನ್ ಸಂಸ್ಥೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಜತೆಗೂಡಿ ಕೈಗೊಂಡಿತು. ಏಳು ಹುಡುಗಿಯರ ಸಾವಿನ ಸುದ್ದಿ ಬಂದು, ೨೦೧೦ರ ಏಪ್ರಿಲಿನಲ್ಲಿ ಸರಕಾರ ಅದನ್ನು ನಿಲ್ಲಿಸಿತು. ಆ ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣುವುದಿಲ್ಲವೆಂದು ವಿಚಾರಣಾ ಸಮಿತಿ ಹೇಳಿತು. ಆದರೆ ಇನ್ನೊಂದು ಸಂಗತಿ ಬಯಲಿಗೆ ಬಂತು. ಖಮ್ಮಂನಲ್ಲಿ ಎಷ್ಟೋ ಹುಡುಗಿಯರ ಅನುಮತಿಪತ್ರಕ್ಕೆ ಸಹಿ ಮಾಡಿದವರು ತಾಯ್ತಂದೆಗಳಲ್ಲ, ಹಾಸ್ಟೆಲಿನ ವಾರ್ಡನ್ನರು. ೨೦೧೩ರಲ್ಲಿ ಸಂಸತ್ತಿನ ಸಮಿತಿಯೊಂದು ಇದನ್ನು ಕಟುವಾಗಿ ಖಂಡಿಸಿತು.

ಲಸಿಕೆ ಒಳ್ಳೆಯದೇ. ಅದರಿಂದ ಆ ಹುಡುಗಿಯರಿಗೆ ಲಾಭವೇ ಆಗಿರಬಹುದು. ಆದರೆ ಹೀಲಾ ಕೋಶಗಳ ಅನುಭವದ ಬಳಿಕ ಅರುವತ್ತು ವರ್ಷ ಕಳೆದರೂ, ಅದೇ ವೈರಸ್ಸನ್ನು ಎದುರಿಸುವ ಕೆಲಸದಲ್ಲಿಯೇ, ಕೇಳಬೇಕಾದವರನ್ನು ಕೇಳದ ಅಭ್ಯಾಸ ಹಾಗೆಯೇ ಉಳಿಯಿತು. ಅದರ ಪರಿಣಾಮವನ್ನೂ ಉಣ್ಣಬೇಕಾಯಿತು. ಜನರಲ್ಲಿ ಲಸಿಕೆಯ ಮೇಲೆಯೇ ಸಂಶಯ ಬೆಳೆಯಿತು. ಕೇಳುವುದರಿಂದ ವಿಜ್ಞಾನದ ಕೆಲಸ ತಡವಾಗುತ್ತದೆ ಎನ್ನುವವರಿಗೆ ಖಮ್ಮಂ ಒಂದು ಉತ್ತರ. ಕೇಳದೆ ಇದ್ದುದರಿಂದ ಆದ ತಡವೇ ದೊಡ್ಡದು.

ನಮ್ಮ ಮುಂಬಯಿಯಲ್ಲಿಯೂ ಇದಕ್ಕೆ ಸಂಬಂಧಿಸಿದ ಒಂದು ಮಹತ್ತ್ವದ ಅಧ್ಯಯನ ನಡೆಯಿತು. ಟಾಟಾ ಸ್ಮಾರಕ ಆಸ್ಪತ್ರೆಯವರು ೧೯೯೮ರಿಂದ ಇಲ್ಲಿಯ ಝೋಪಡಪಟ್ಟಿಗಳ ಸುಮಾರು ಒಂದೂವರೆ ಲಕ್ಷ ಸ್ತ್ರೀಯರನ್ನು ಎರಡು ಗುಂಪುಗಳನ್ನಾಗಿ ಮಾಡಿ, ಒಂದು ಗುಂಪಿಗೆ ವಿನಿಗರಿನಂಥ ಆಮ್ಲವನ್ನು ಸವರಿ ಕಣ್ಣಿನಿಂದ ನೋಡುವ ಸುಲಭ ಪರೀಕ್ಷೆ ನಡೆಸಿದರು. ಪರೀಕ್ಷಿಸಿದವರು ಹತ್ತನೆಯ ತರಗತಿ ಓದಿ ತರಬೇತಿ ಪಡೆದ ಹೆಂಗಸರು. ಹನ್ನೆರಡು ವರ್ಷಗಳ ನಂತರ ಲೆಕ್ಕ ಹಾಕಿದಾಗ ಆ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರಿನ ಸಾವು ಶೇಕಡ ೩೧ರಷ್ಟು ಇಳಿದಿತ್ತು. ಬಡದೇಶಗಳಿಗೆಲ್ಲ ಇದೊಂದು ದಾರಿ ತೋರಿಸಿತು. ಆದರೆ ಹೋಲಿಕೆಗೆಂದು ಇಟ್ಟ ಇನ್ನೊಂದು ಗುಂಪಿನ ಹೆಂಗಸರಿಗೆ ತಿಳಿವಳಿಕೆ ಮಾತ್ರ ಕೊಟ್ಟರು, ಪರೀಕ್ಷೆ ಮಾಡಲಿಲ್ಲ. ಅವರಿಗೆ ಎಲ್ಲವನ್ನೂ ಸಾಕಷ್ಟು ಬಿಡಿಸಿ ಹೇಳಲಾಯಿತೆ ಎಂಬ ಆಕ್ಷೇಪ ಎದ್ದಿತು. ದೇಶದಲ್ಲಿ ಎಲ್ಲಿಯೂ ಪರೀಕ್ಷೆಯೇ ಇಲ್ಲದಿರುವಾಗ ಅವರಿಗೆ ಇದ್ದುದನ್ನು ತಪ್ಪಿಸಿದಂತಾಗಲಿಲ್ಲ ಎಂದು ಸಂಶೋಧಕರು ಉತ್ತರಿಸಿದರು. ಎರಡು ಕಡೆಯಲ್ಲಿಯೂ ಹುರುಳಿದೆ. ಇಷ್ಟಂತೂ ನಿಜ: ಈ ಪರೀಕ್ಷೆಯಿಂದ ನಾಳೆ ಬದುಕುವ ಪ್ರತಿ ಹೆಣ್ಣುಮಗಳೂ ಆ ಎರಡನೆಯ ಗುಂಪಿನ ಹೆಂಗಸರಿಗೂ ಋಣಿ.

ಹಾಗಾದರೆ ಕೇಳುವುದೆಂದರೆ ಏನು? ಒಂದು ಕಾಗದ ಮುಂದಿಟ್ಟು ಸಹಿ ಪಡೆಯುವುದಷ್ಟೇ ಅಲ್ಲ. ಪರಊರಿನಲ್ಲಿರುವ ನಮಗೆ ಇದರ ಅನುಭವ ಚೆನ್ನಾಗಿಯೇ ಇದೆ. ಚಿಕಿತ್ಸೆಗೆಂದು ಊರಿನಿಂದ ಅತ್ತೆಯನ್ನೋ ಅಮ್ಮನನ್ನೋ ಕರೆಸಿಕೊಳ್ಳುತ್ತಾರೆ. ಆಸ್ಪತ್ರೆಯ ಕಾಗದ ಇಂಗ್ಲಿಷಿನಲ್ಲಿ, ದಾದಿಯ ಮಾತು ಮರಾಠಿಯಲ್ಲಿ, ಅಮ್ಮನಿಗೆ ಬರುವುದು ಕನ್ನಡವೋ ತುಳುವೋ ಮಾತ್ರ. "ಏನಿಲ್ಲಮ್ಮ, ಇಲ್ಲೊಂದು ಸಹಿ ಹಾಕಿಬಿಡು" ಎಂದು ಮಗ ಬೆರಳಿಟ್ಟು ತೋರಿಸುತ್ತಾನೆ. ಅಮ್ಮ ಹಾಕುತ್ತಾರೆ. ಮಗನ ಮೇಲೆ ಅವರಿಗೆ ನಂಬಿಕೆ, ಮಗನಿಗೆ ಅವರ ಮೇಲೆ ಪ್ರೀತಿ, ಎರಡರಲ್ಲಿಯೂ ಕೊರತೆಯಿಲ್ಲ. ಆದರೂ ಆ ದೇಹ ಯಾರದೋ ಅವರೊಬ್ಬರನ್ನೇ ಯಾರೂ ಕೇಳಿದಂತಾಗಲಿಲ್ಲ. ರೋಗದ ಹೆಸರನ್ನೇ ರೋಗಿಗೆ ಹೇಳದೆ ಮುಚ್ಚಿಡುವ ಮನೆಗಳೂ ಉಂಟು. ಪ್ರೀತಿಯಿಂದ ಮಾಡಿದ್ದೆಂದು ನಾವು ಹೇಳುತ್ತೇವೆ. ಗೈ ಅವರೂ ಲೋಕಹಿತಕ್ಕಾಗಿಯೇ ಮಾಡಿದರು. ಕೇಳುವುದೆಂದರೆ ಅವರ ಭಾಷೆಯಲ್ಲಿ, ಅವರಿಗೆ ಅರ್ಥವಾಗುವಷ್ಟು ನಿಧಾನವಾಗಿ, ಬೇಡವೆನ್ನುವ ಅವಕಾಶವನ್ನೂ ಕೊಟ್ಟು ಕೇಳುವುದು. ಬೇಡವೆನ್ನಲು ಬಾರದಲ್ಲಿ ಹೂಂ ಎಂದದ್ದಕ್ಕೆ ಬೆಲೆಯಿಲ್ಲ.

ಕೊನೆಯದಾಗಿ, ಕೇಳದೆ ಪಡೆದ ಋಣ ತೀರುವುದು ಹೇಗೆ? ಲ್ಯಾಕ್ಸ್ ಕುಟುಂಬದ ವಿಷಯದಲ್ಲಿ ಇತ್ತೀಚೆಗೆ ಕೆಲವು ಹೆಜ್ಜೆಗಳನ್ನು ಇಟ್ಟಿದ್ದಾರೆ. ಹೀಲಾ ಕೋಶಗಳ ವಂಶವಾಹಿಗಳ ಪೂರ್ತಿ ವಿವರವನ್ನು ೨೦೧೩ರಲ್ಲಿ ಮನೆಯವರನ್ನು ಕೇಳದೆಯೇ ಪ್ರಕಟಿಸಿದಾಗ ಗದ್ದಲವಾಯಿತು. ಅದೇ ವರ್ಷ ಅಮೇರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕುಟುಂಬದವರೊಡನೆ ಒಪ್ಪಂದ ಮಾಡಿಕೊಂಡು, ಆ ವಿವರವನ್ನು ಯಾರಿಗೆ ಕೊಡಬೇಕೆಂದು ವಿಚಾರಿಸುವ ಸಮಿತಿಯಲ್ಲಿ ಅವರಿಗೂ ಸ್ಥಾನ ಕೊಟ್ಟಿತು. ೨೦೨೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆನ್ರಿಯೆಟ್ಟಾ ಅವರನ್ನು ಮರಣೋತ್ತರವಾಗಿ ಗೌರವಿಸಿತು. ಕೋಶಗಳನ್ನು ಮಾ��ುತ್ತಿದ್ದ ಥರ್ಮೊ ಫಿಶರ್ ಕಂಪೆನಿಯ ಮೇಲೆ ಕುಟುಂಬದವರು ಹೂಡಿದ್ದ ದಾವೆ ೨೦೨೩ರಲ್ಲಿ ರಾಜಿಯಲ್ಲಿ ಮುಗಿಯಿತು. ಎಪ್ಪತ್ತು ವರ್ಷ ತಡವಾದರೂ ಇವೆಲ್ಲ ಆಗಬೇಕಾದುವೇ. ಆದರೆ ಯಾರಿಂದ ಪಡೆದೆವೋ ಆಕೆಗೆ ಇದಾವುದೂ ಮುಟ್ಟುವುದಿಲ್ಲ.

ನಮ್ಮ ಹಿರಿಯರು ಪಿತೃಋಣದ ಬಗ್ಗೆ ಒಂದು ಜಾಣ್ಮೆಯ ಮಾತು ಹೇಳಿದ್ದಾರೆ. ತಂದೆತಾಯಿಗಳಿಂದ ಪಡೆದುದನ್ನು ಅವರಿಗೇ ಹಿಂದಿರುಗಿಸಲಾಗದು. ಮಕ್ಕಳನ್ನು ಬೆಳೆಸಿ ಮುಂದಕ್ಕೆ ತೀರಿಸಬೇಕು. ಈ ಋಣಕ್ಕೂ ಅದೇ ದಾರಿ ಎಂದು ನಮಗೆ ತೋರುತ್ತದೆ. ಪ್ಯಾಪಿಲೋಮಾ ವೈರಸ್ ಬಹಳ ಸಾಮಾನ್ಯವಾದುದು. ಸ್ತ್ರೀಪುರುಷರ ದೇಹಸಂಪರ್ಕದಿಂದ ಹರಡುತ್ತದೆಂಬ ಕಾರಣಕ್ಕೆ ಅದನ್ನು ನಾಚಿಕೆಯ ವಿಷಯವನ್ನಾಗಿ ಮಾಡಬೇಕಾಗಿಲ್ಲ. ಸಂಸಾರಸ್ಥರಲ್ಲಿ ಹೆಚ್ಚಿನವರಿಗೆ ಎಂದೋ ಒಮ್ಮೆ ತಗಲುವಂಥದು. ಬಹುಮಂದಿಯ ದೇಹ ಅದನ್ನು ಒಂದೆರಡು ವರ್ಷದಲ್ಲಿ ತಾನೇ ಹೊರಹಾಕುತ್ತದೆ. ತಳವೂರಿ ಉಳಿಯುವುದು ಕೆಲವರಲ್ಲಿ ಮಾತ್ರ. ಅದು ಕ್ಯಾನ್ಸರಾಗಲು ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ. ಅಷ್ಟು ದೀರ್ಘ ಕಾಲ ಅದನ್ನು ಕಂಡು ತಡೆಯಲು ನಮಗೆ ಅವಕಾಶವಿದೆ. ಹೆನ್ರಿಯೆಟ್ಟಾ ಅವರಿಗೆ ಆ ಅವಕಾಶವಿರಲಿಲ್ಲ. ಇಂದು ನಮಗಿರುವ ಈ ತಿಳಿವಳಿಕೆಯಲ್ಲಿ ಅವರ ಕೋಶಗಳ ಪಾಲೂ ಇದೆ. ಮೂವತ್ತು ದಾಟಿದ ಹೆಂಗಸರು ಪರೀಕ್ಷೆ ಮಾಡಿಸಿಕೊಳ್ಳುವುದು, ಒಂಬತ್ತರಿಂದ ಹದಿನಾಲ್ಕು ವರ್ಷದ ಹೆಣ್ಣುಮಕ್ಕಳಿಗೆ ವೈದ್ಯರ ಸಲಹೆಯಂತೆ ಲಸಿಕೆ ಹಾಕಿಸುವುದು ಈಗ ಕಷ್ಟದ ಮಾತಲ್ಲ. ಪುಣೆಯ ಸೀರಮ್ ಸಂಸ್ಥೆ ದೇಶದಲ್ಲಿಯೇ ತಯಾರಿಸಿದ ಲಸಿಕೆ ೨೦೨೩ರಿಂದ ದೊರೆಯುತ್ತಿದೆ. ಮನೆಯ ಹೆಂಗಸರಿಗೆ ಮಾತ್ರವಲ್ಲ, ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ ಬಾಯಿಗೂ ಆಕೆಯ ಮಗಳಿಗೂ ಈ ವಿಷಯ ತಿಳಿಸಬೇಕು. ಧರ್ಮದ ವಾರ್ಡಿಗೆ ಹೋಗಬೇಕಾಗಿ ಬರುವವರು ಅವರೇ.

ಅವರನ್ನು ಕರೆದೊಯ್ಯುವಾಗ ಏಕೆ, ಏನು, ಯಾರಿಗಾಗಿ ಎಂದು ಅವರ ಮಾತಿನಲ್ಲಿ ಹೇಳಿ, ಒಪ್ಪಿಗೆ ಕೇಳಿಯೇ ಕರೆದೊಯ್ಯಬೇಕು. ಬೇಡವೆಂದರೆ ಗದರಿಸದೆ ಇನ್ನೊಂದು ದಿನ ಕುಳಿತು ವಿವರಿಸಬೇಕು. ಇದು ನಿಧಾನದ ಕೆಲಸ. ಕೆಲವೊಮ್ಮೆ ಬೇಸರದ ಕೆಲಸವೂ ಹೌದು. ಆದರೆ ಹಿಂದೆ ಆಗದೆ ಹೋದ ಕೆಲಸವೂ ಇದೇ. ನಮ್ಮ ಸಂಘಗಳ ಮಹಿಳಾ ವಿಭಾಗಗಳು ಮನಸ್ಸು ಮಾಡಿದರೆ ಇದು ಅಸಾಧ್ಯವಲ್ಲವೆಂದು ನಮ್ಮ ನಂಬಿಕೆ.